ಅನುಮಾನದಕ್ಕನ ಬರಿ ಬಿಲ್ಲೆ

ಬೆಳಗ್ಗೆ ಐದೂಮುಕ್ಕಾಲು. ಪ್ರಯೋಗಾಲಯದ ಬಾಗಿಲು ತೆರೆದಿದೆ, ಆದರೆ ನನಗಿನ್ನೂ ಪ್ರವೇಶ ಸಿಕ್ಕಿಲ್ಲ. ಬಿಳಿ ನಿಲುವಂಗಿ ತೊಟ್ಟ ಹೆಂಗಸೊಬ್ಬರು ನನ್ನನ್ನು ಹೊಸ್ತಿಲಾಚೆಯೇ ನಿಲ್ಲಿಸಿ ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದಾರೆ.

"ಸೆಂಟ್ ಹಾಕಿದೀರಾ?"

"ಇಲ್ಲ."

"ಕೈಗೆ ಕ್ರೀಮು ಗೀಮು?"

"ಅದೂ ಇಲ್ಲ."

ಹತ್ತಿರ ಬಂದು ಮೂಸುತ್ತಾರೆ. "ಸೋಪು ಘಮಘಮ ಅಂತಿದೆಯಲ್ಲ. ಅಲ್ಲೇ ನಲ್ಲೀಲಿ ಮೊಣಕೈವರೆಗೂ ತೊಳ್ಕೊಂಡು ಬನ್ನಿ. ವಾಚು ಬಿಚ್ಚಿಡಿ. ಒಳಗೆ ಬಂದ್ಮೇಲೆ ಏನೂ ಮುಟ್ಬೇಡಿ. ಮುಟ್ಟಲ್ಲ ಅಂತ ಮಾತು ಕೊಡೋದೂ ಬೇಡ, ಕೈಕಟ್ಕೊಂಡು ನಿಂತ್ಕೊಳ್ಳಿ, ನಂಗೆ ಅಷ್ಟು ಸಾಕು."

ಹೇಳಿದಂತೆ ಕೈ ತೊಳೆದು, ಕೈಕಟ್ಟಿ, ಮೂಲೆಯಲ್ಲಿ ನಿಲ್ಲುತ್ತೇನೆ. ಇಪ್ಪತ್ತು ವರ್ಷದಿಂದ ಈ ಪುರವಣಿಗೆ ಬರೆಯುತ್ತಿದ್ದೇನೆ. ಜನರನ್ನು ಅನುಮಾನದಿಂದ ನೋಡುವುದು ನನ್ನ ಕಸುಬಿನ ಭಾಗ. ನನ್ನನ್ನೇ ಇಷ್ಟು ಚೊಕ್ಕವಾಗಿ ಅನುಮಾನಿಸಿದವರು ಈವರೆಗೆ ಸಿಕ್ಕಿರಲಿಲ್ಲ.

ಇಡೀ ಕಟ್ಟಡ ಇವರನ್ನು ಅನುಮಾನದಕ್ಕ ಎಂದು ಕರೆಯುತ್ತದೆ. ಲಿಫ್ಟು ನೋಡಿಕೊಳ್ಳುವವನಿಂದ ಹಿಡಿದು ಪ್ರಯೋಗಾಲಯದ ಮುಖ್ಯಸ್ಥರ ತನಕ ಎಲ್ಲರ ಬಾಯಲ್ಲೂ ಅದೇ ಹೆಸರು. ಕರೆದರೆ ಇವರೂ ಓಗೊಡುತ್ತಾರೆ. ವಯಸ್ಸು ಐವತ್ತೆರಡು. ಕೆಲಸಕ್ಕೆ ಸೇರಿ ಇಪ್ಪತ್ತೊಂದು ವರ್ಷ. ಹುದ್ದೆಯ ಹೆಸರು 'ಸಹಾಯಕಿ, ತಾತ್ಕಾಲಿಕ'. ಇಪ್ಪತ್ತೊಂದು ವರ್ಷ ಹೇಗೆ ತಾತ್ಕಾಲಿಕವಾಗುತ್ತದೆ ಎಂದು ಕೇಳಿದರೆ, "ಪ್ರತಿ ವರ್ಷ ಸಹಿ ಹಾಕ್ತಾರೆ, ಪ್ರತಿ ವರ್ಷ ಹಾಕ್ತಾರೋ ಇಲ್ವೋ ಅಂತ ನಾನು ಕಾಯ್ತೀನಿ" ಎನ್ನುತ್ತಾರೆ.

ಒಲೆಯ ಮೇಲೆ ಏಳು ಗಾಜಿನ ಪಾತ್ರೆಗಳು ಸಾಲಾಗಿ ಕುದಿಯುತ್ತಿವೆ. ಒಳಗಿರುವುದು ಬರೀ ನೀರು. ಹಿಂದಿನ ಸಂಜೆ ಆಸಿಡ್ಡಿನಲ್ಲಿ ಮುಳುಗಿಸಿಟ್ಟ ಪಾತ್ರೆಗಳಿವು. ಈಗ ಶುದ್ಧ ನೀರು ತುಂಬಿಸಿ ಕುದಿಸಬೇಕು, ಚೆಲ್ಲಬೇಕು, ಮತ್ತೆ ತುಂಬಿಸಿ ಕುದಿಸಬೇಕು. ನಿಯಮದ ಪ್ರಕಾರ ಐದು ಸಲ. ಇವರು ಆರು ಸಲ ಮಾಡುತ್ತಾರೆ. ಆರನೆಯದು ಏಕೆಂದು ಕೇಳುತ್ತೇನೆ.

"ಐದನೇದ್ರ ಮೇಲೆ ನಂಬಿಕೆ ಇಲ್ಲ."

ಪಾತ್ರೆ ಕುದಿಯುವಷ್ಟು ಹೊತ್ತಿನಲ್ಲಿ ಇನ್ನೊಂದು ಕೆಲಸ. ಬೆರಳುದ್ದದ ಕಡ್ಡಿಯೊಂದರ ತುದಿಗೆ ಬಟಾಣಿ ಕಾಳಿನಗಲದ ಕಪ್ಪು ಬಿಲ್ಲೆ ಕೂರಿಸಿದೆ. ಗಾಜಿನಷ್ಟು ನುಣುಪಾದ ಇಂಗಾಲದ ಬಿಲ್ಲೆ. ಒದ್ದೆ ಬಟ್ಟೆಯ ಮೇಲೆ ಬಿಳಿ ಪುಡಿ ಉದುರಿಸಿ, ಬಿಲ್ಲೆಯನ್ನು ಬೋರಲಾಗಿ ಹಿಡಿದು, 8ರ ಆಕಾರದಲ್ಲಿ ತಿರುಗಿಸುತ್ತ ಉಜ್ಜುತ್ತಾರೆ. ಮೊದಲು ದಪ್ಪ ಪುಡಿ, ಆಮೇಲೆ ಸಣ್ಣದು, ಕೊನೆಗೆ ಹಿಟ್ಟಿಗಿಂತ ನಯವಾದದ್ದು. ಪುಡಿಗೊಂದು ಬಟ್ಟೆ, ಬಟ್ಟೆಗೊಂದು ಡಬ್ಬಿ. ಒಂದರ ಬಟ್ಟೆ ಇನ್ನೊಂದಕ್ಕೆ ತಾಗಿದರೆ ಎರಡನ್ನೂ ಎಸೆಯುತ್ತಾರೆ. ಪ್ರತಿ ಪುಡಿಗೆ ನೂರಿಪ್ಪತ್ತು ಸುತ್ತು, ದಿನಕ್ಕೆ ನಾಲ್ಕು ಬಿಲ್ಲೆ. ಲೆಕ್ಕ ಬಾಯಲ್ಲಿಲ್ಲ, ಮಣಿಕಟ್ಟಿನಲ್ಲಿದೆ. ಮಾತಾಡುತ್ತಿದ್ದರೂ ನೂರಿಪ್ಪತ್ತಕ್ಕೆ ಸರಿಯಾಗಿ ಕೈ ನಿಲ್ಲುತ್ತದೆ. ಎರಡು ಸಲ ಎಣಿಸಿ ನೋಡಿದೆ.

ಈ ಬಿಲ್ಲೆ ಏಕೆ ಎಂಬುದನ್ನು ನನ್ನಂಥ ದಡ್ಡರಿಗೆ ಇವರು ಹೇಳಿಕೊಡುವ ಬಗೆ ಹೀಗಿದೆ. ಹೈಡ್ರೋಜನ್ ಮತ್ತು ಆಮ್ಲಜನಕ ಸೇರಿದರೆ ನೀರಾಗುತ್ತದೆ, ಜೊತೆಗೆ ಕರೆಂಟು ಬರುತ್ತದೆ. ಹೊಗೆಯಿಲ್ಲ, ಮಸಿಯಿಲ್ಲ. ಅದರಿಂದ ಗಾಡಿ ಓಡಿಸಬಹುದು. "ಆದ್ರೆ ಆಮ್ಲಜನಕ ಮಹಾ ಸೋಮಾರಿ. ಕೂತಲ್ಲಿಂದ ಏಳಲ್ಲ. ಅದನ್ನ ಎಬ್ಬಿಸೋಕೆ ಒಬ್ರು ಬೇಕು. ಪ್ಲಾಟಿನಂ ಎಬ್ಬಿಸುತ್ತೆ." ಅದಕ್ಕಾಗಿ ಪ್ಲಾಟಿನಮ್ಮನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಮಾಡಿ, ಕಾಡಿಗೆಯಂಥ ಇಂಗಾಲದ ಪುಡಿಗೆ ಅಂಟಿಸುತ್ತಾರೆ. ಕಣ ಸಣ್ಣದಾದಷ್ಟೂ ಕಡಿಮೆ ಲೋಹದಲ್ಲಿ ಹೆಚ್ಚು ಕೆಲಸ. ಹಾಗಿದ್ದೂ ಪ್ಲಾಟಿನಂ ಪ್ಲಾಟಿನಮ್ಮೇ, ಚಿನ್ನದ ಸಾಲಿನಲ್ಲಿ ಕೂರುವಂಥದ್ದು. ಹಾಗಾಗಿ ಅದರ ಜಾಗದಲ್ಲಿ ಅಗ್ಗದ ಲೋಹದ ಕಣ ಕೂರಿಸಿದರೆ ನಡೆದೀತೇ ಎಂದು ಜಗತ್ತಿನ ನೂರಾರು ಪ್ರಯೋಗಾಲಯಗಳು ತಲೆ ಕೆಡಿಸಿಕೊಂಡಿವೆ. ಹೊಸ ಪುಡಿ ಕೈಗೆ ಬಂದ ಕೂಡಲೇ ಅದನ್ನು ಶಾಯಿಯಂತೆ ಕಲಸಿ, ಒಂದು ಹನಿ ಈ ಬಿಲ್ಲೆಯ ಮೇಲೆ ಬಿಟ್ಟು ಒಣಗಿಸಿ, ಆಮ್ಲಜನಕ ಗುಳುಗುಳಿಸುವ ಆಸಿಡ್ಡಿನೊಳಗೆ ಗಿರಗಿರ ತಿರುಗಿಸುತ್ತಾರೆ. ಎದುರಿಗಿರುವ ಕಂಪ್ಯೂಟರಿನಲ್ಲಿ ಗೀಟು ಮೂಡುತ್ತದೆ. ಪುಡಿ ಕೆಲಸ ಮಾಡಿದರೆ ಗೀಟು ಏಳುತ್ತದೆ, ಮಾಡದಿದ್ದರೆ ಮಲಗಿರುತ್ತದೆ.

ಪ್ರತಿ ಬೆಳಗ್ಗೆ, ಯಾರೂ ಬರುವ ಮುಂಚೆ, ಅನುಮಾನದಕ್ಕ ಏನೂ ಹಾಕದ ಬರಿ ಬಿಲ್ಲೆಯನ್ನು ತಿರುಗಿಸಿ ನೋಡುತ್ತಾರೆ. ಇದು ಯಾವ ನಿಯಮದಲ್ಲೂ ಇಲ್ಲ, ಯಾರೂ ಇವರಿಗೆ ಹೇಳಿಯೂ ಇಲ್ಲ. ಬಿಲ್ಲೆ ಬರಿದಾಗಿದ್ದರೆ, ಪಾತ್ರೆ ಚೊಕ್ಕವಾಗಿದ್ದರೆ, ಗೀಟು ನೆಟ್ಟಗೆ ಮಲಗಿರಬೇಕು. ಕೂದಲೆಳೆಯಷ್ಟು ಎದ್ದರೂ ಎಲ್ಲೋ ಕೊಳೆ ಉಳಿದಿದೆ ಎಂದರ್ಥ.

"ಎಲ್ಲರ ಕೆಲಸಾನೂ ಕಾಣಿಸ್ಬೇಕು ಸ್ವಾಮಿ. ನಂದು ಮಾತ್ರ ಕಾಣಿಸ್ಬಾರ್ದು. ಕಾಣಿಸ್ತೋ, ನಾನು ಕೆಟ್ಟೆ."

ಈ ದಿನದ ಗೀಟು ಮಲಗಿದೆ. ಕನ್ನಡಕ ಹಣೆಗೇರಿಸಿ ಹತ್ತಿರದಿಂದ ನೋಡುತ್ತಾರೆ, ಇಳಿಸಿ ಮತ್ತೊಮ್ಮೆ ನೋಡುತ್ತಾರೆ. ಆಮೇಲೆ ಕೈಚೀಲದಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ನನ್ನ ಮುಂದೆ ಹಿಡಿಯುತ್ತಾರೆ. "ಓದಿ. ಮುಟ್ಬೇಡಿ, ಅಲ್ಲಿಂದ್ಲೇ ಓದಿ."

'ಗಾಜಿನ ಪಾತ್ರೆಗಳನ್ನು ಸಮರ್ಪಕವಾಗಿ ತೊಳೆಯದ ಕಾರಣ ಫಲಿತಾಂಶದಲ್ಲಿ ದೋಷ ಉಂಟಾಗಿರಬಹುದೆಂದು ಆಕ್ಷೇಪಣೆ ಬಂದಿದ್ದು, ಬರುವ ಸೋಮವಾರದೊಳಗೆ ಲಿಖಿತ ವಿವರಣೆ ನೀಡತಕ್ಕದ್ದು. ತಪ್ಪಿದಲ್ಲಿ ಸೇವೆ ಮುಂದುವರಿಸುವ ಬಗ್ಗೆ ಮರುಪರಿಶೀಲಿಸಲಾಗುವುದು.'

ಈ ದಿನ ಮಂಗಳವಾರ.

ನಾನು ಇಲ್ಲಿಗೆ ಬಂದದ್ದು ಇವರನ್ನು ನೋಡಲು ಅಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಸಂಸ್ಥೆಯ ಪ್ರಚಾರ ವಿಭಾಗ ನನಗೆ ನುಣುಪು ಕಾಗದದ ಕೈಪತ್ರಿಕೆ ಕಳುಹಿಸಿತ್ತು. ಪ್ಲಾಟಿನಂ ಚೂರೂ ಇಲ್ಲದ, ಇಂಗಾಲದ ಮೇಲೆ ಕೋಬಾಲ್ಟ್ ಕಣ ಕೂರಿಸಿದ ಹೊಸ ವೇಗವರ್ಧಕ ಇಲ್ಲಿ ಸಿದ್ಧವಾಗಿದೆ, ಅದು ಪ್ಲಾಟಿನಮ್ಮಿಗೆ ಸರಿಸಮ ಎಂದು ಅದರಲ್ಲಿತ್ತು. ಅದಕ್ಕಿಂತ ದೊಡ್ಡಕ್ಷರದಲ್ಲಿ ಇನ್ನೊಂದು ಸಾಲು: 'ಬಳಸಿದಷ್ಟೂ ಉತ್ತಮಗೊಳ್ಳುತ್ತದೆ.' ಇಂಥ ಸಾಲು ಕಂಡರೆ ನನ್ನ ಕಿವಿ ನೆಟ್ಟಗಾಗುತ್ತದೆ. ನಾನು ಬರುವಷ್ಟರಲ್ಲಿ ಸಂಸ್ಥೆಗೆ ಬೇರೊಂದು ಪತ್ರ ಬಂದಿತ್ತು. ಬೇರೆ ಊರಿನ ಪ್ರಯೋಗಾಲಯವೊಂದು ಇದೇ ಪುಡಿ ತರಿಸಿಕೊಂಡು ಪರೀಕ್ಷಿಸಿದೆ. ಅಲ್ಲಿ ಗೀಟು ಎದ್ದೇ ಇಲ್ಲ. ನಿಮ್ಮ ಪಾತ್ರೆಗಳಲ್ಲಿ ಪ್ಲಾಟಿನಂ ಅಂಶ ಉಳಿದಿರಬಹುದು, ತೊಳೆಯುವ ವ್ಯವಸ್ಥೆ ಪರಿಶೀಲಿಸಿ ಎಂದು ಅವರು ವಿನಯದಿಂದ ಬರೆದಿದ್ದಾರೆ. ತೊಳೆಯುವ ವ್ಯವಸ್ಥೆ ಎಂದರೆ ಅನುಮಾನದಕ್ಕ. ಬೆರಳು ತೋರಿಸಲು ಯಾರಿಗೂ ಹೆಚ್ಚು ಹೊತ್ತು ಹಿಡಿದಿಲ್ಲ.

ಒಂಬತ್ತಕ್ಕೆ ಬರುವ ಮುಖ್ಯಸ್ಥರು ನನ್ನನ್ನು ಕಂಡು ಹುಬ್ಬು ಗಂಟಿಕ್ಕುತ್ತಾರೆ. ಅರವತ್ತರ ಹತ್ತಿರದ, ಮೆಲುಮಾತಿನ ಮನುಷ್ಯ.

"ನಿಮ್ಮನ್ನ ಯಾರು ಕರೆದಿದ್ದು? ಅವರಾ?" ಎಂದು ಅಕ್ಕನ ಕಡೆ ಕಣ್ಣು ಹಾಯಿಸುತ್ತಾರೆ.

"ನಿಮ್ಮ ಪ್ರಚಾರ ವಿಭಾಗ" ಎನ್ನುತ್ತೇನೆ. ಅವರು ನಂಬಿದಂತೆ ಕಾಣುವುದಿಲ್ಲ. ಆ ಕೋಣೆಯಲ್ಲಿ ಯಾರೂ ಯಾರನ್ನೂ ಪೂರ್ತಿ ನಂಬಿದಂತೆ ಕಾಣುವುದಿಲ್ಲ. ಕೋಬಾಲ್ಟ್ ಪುಡಿ ಮಾಡಿದ ಸಂಶೋಧಕಿ, ಇಪ್ಪತ್ತೊಂಬತ್ತರ ಚುರುಕು ಹುಡುಗಿ, ಪುಡಿಯ ಸೀಸೆಗಳಿಗೆ ಬೀಗ ಹಾಕತೊಡಗಿದ್ದಾಳೆ. ಅಕ್ಕ ಪಾತ್ರೆಗಳ ಬಾಯಿಗೆ ಹಾಳೆ ಸುತ್ತಿ, ಅಂಚಿಗೆ ತಮ್ಮದೇ ಗುರುತು ಹಾಕಿಡುತ್ತಿದ್ದಾರೆ.

ಬುಧವಾರ ಮಧ್ಯಾಹ್ನ ಅಕ್ಕನ ಮನೆಗೆ ಹೋಗುತ್ತೇನೆ. ಓಣಿಯ ಕೊನೆಯಲ್ಲಿ ಕೆಳಗೆ ಕನ್ನಡಕದಂಗಡಿ, ಮೇಲೆ ಎರಡು ಕೋಣೆ. ಅಂಗಡಿ ಗಂಡನದು. ಮೂವತ್ತು ವರ್ಷ ಕನ್ನಡಕದ ಗಾಜು ಉಜ್ಜಿದ ಮನುಷ್ಯನ ಬಲಗೈ ಈಗ ನಡುಗುತ್ತದೆ. ಗಾಜು ಉಜ್ಜುವ ಕೆಲಸ ನಿಂತು ಹೋಗಿದೆ. ಬೇರೆ ಕಡೆಯಿಂದ ತರಿಸಿದ ಗಾಜನ್ನು ಚೌಕಟ್ಟಿಗೆ ಕೂರಿಸುವುದಷ್ಟೇ ಉಳಿದಿದೆ. ಹಾಗಾಗಿ ಹೆಂಡತಿಯ ಆ ವಾರ್ಷಿಕ ಸಹಿಯೇ ಈ ಮನೆಗೆ ಗತಿ. ಇದನ್ನು ಇಬ್ಬರೂ ಬಾಯಿಬಿಟ್ಟು ಹೇಳುವುದಿಲ್ಲ, ನನಗೆ ಚಹಾ ಕೊಡುವಾಗ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ಅಷ್ಟೇ.

ಉಜ್ಜುವುದನ್ನು ಕಲಿಸಿದವರು ಗಂಡ. "ಮದುವೆಯಾದ ಹೊಸ್ತ್ರಲ್ಲಿ ಸುಮ್ನೆ ಕೂತಿರ್ತಿದ್ಲು. ಬಾ ಇಲ್ಲಿ, ಕೈ ಹೀಗೆ ತಿರುಗಿಸು ಅಂದೆ. ಮೂರು ತಿಂಗಳಿಗೆ ನನಗಿಂತ ಚೆನ್ನಾಗಿ ಉಜ್ಜೋಳು. ನಾನೇ ತಪ್ಪು ಮಾಡ್ದೆ, ಹೊಗಳಿಬಿಟ್ಟೆ" ಎಂದು ನಗುತ್ತಾರೆ.

ಅನುಮಾನ ಕಲಿಸಿದವರು ಅತ್ತೆ. ಅವರು ತೀರಿಕೊಂಡು ಹದಿನಾಲ್ಕು ವರ್ಷವಾಗಿದೆ. ಸೊಸೆ ತೊಳೆದಿಟ್ಟ ಲೋಟದ ಒಳಗೆ ಬೆರಳಾಡಿಸಿ, ಕಿರ್ ಎಂದು ಸದ್ದು ಬಂದರೆ ಮಾತ್ರ ನೀರು ಕುಡಿಯುತ್ತಿದ್ದರಂತೆ. "ಮೊದಮೊದಲು ಎಷ್ಟು ಅಳು ಬರ್ತಿತ್ತು ಗೊತ್ತಾ. ಈ ಹೆಂಗಸಿಗೆ ನನ್ನ ಮೇಲೇನು ಹಗೆ ಅಂತ. ಆಮೇಲೆ ನೋಡಿದ್ರೆ, ಅವರು ತೊಳೆದ ಲೋಟಕ್ಕೂ ಬೆರಳಾಡಿಸೋರು. ಅವತ್ತಿಂದ ಅಳು ನಿಲ್ಲಿಸ್ದೆ" ಎನ್ನುತ್ತಾರೆ ಅಕ್ಕ. ಈಗ ತಮ್ಮ ಲೋಟಕ್ಕೆ ತಾವೇ ಬೆರಳಾಡಿಸುತ್ತಾರೆ. ನನ್ನ ಕೈಗೆ ಬಂದ ಚಹಾದ ಲೋಟವೂ ಆ ಪರೀಕ್ಷೆ ಮುಗಿಸಿಯೇ ಬಂದಿದೆ.

ಚಹಾ ಮುಗಿಯುವ ತನಕ ಕಾದು, ಅಕ್ಕ ಕಪಾಟಿನಿಂದ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿ ತೆಗೆಯುತ್ತಾರೆ. ಅದರೊಳಗೆ ಬಟ್ಟೆಯಲ್ಲಿ ಸುತ್ತಿದ ಗಾಜಿನ ಚೂರುಗಳಿವೆ. ಬೆರಳು ದಪ್ಪದ ಕೊಳವೆಯೊಂದು ಮೂರು ತುಂಡಾಗಿದೆ.

"ಇದು ಅಂಗಿ" ಎನ್ನುತ್ತಾರೆ.

ಅರ್ಥವಾಗುವುದಿಲ್ಲ. ಬಿಡಿಸಿ ಹೇಳುತ್ತಾರೆ. ಬಿಲ್ಲೆ ತಿರುಗುವ ಪಾತ್ರೆಯಲ್ಲಿ ಎದುರಿಗೆ ಇನ್ನೊಂದು ತಂತಿ ಇಳಿಬಿಟ್ಟಿರುತ್ತದೆ. ಕರೆಂಟು ಒಂದು ಕಡೆಯಿಂದ ಹೋದರೆ ಇನ್ನೊಂದು ಕಡೆಯಿಂದ ಬರಬೇಕಲ್ಲ, ಅದಕ್ಕೆ. ಈ ಪ್ರಯೋಗಾಲಯದಲ್ಲಿ ಆ ತಂತಿ ಪ್ಲಾಟಿನಮ್ಮಿನದು. ಅದು ನೇರ ಆಸಿಡ್ಡಿಗೆ ತಾಗದಂತೆ ಗಾಜಿನ ಕೊಳವೆಯೊಳಗೆ ಇರುತ್ತದೆ. ಕೊಳವೆಯ ತಳದಲ್ಲಿ ಕಾಣದಷ್ಟು ಸಣ್ಣ ತೂತುಗಳ ಗಾಜಿನ ತಡೆ. ಕರೆಂಟು ದಾಟುತ್ತದೆ, ಬೇರೇನೂ ಸುಲಭಕ್ಕೆ ದಾಟುವುದಿಲ್ಲ. ಅದನ್ನೇ ಇಲ್ಲಿಯವರು ತಂತಿಯ ಅಂಗಿ ಎನ್ನುತ್ತಾರೆ.

"ನಾಲ್ಕು ತಿಂಗಳ ಹಿಂದೆ, ಒಂದು ಬೆಳಗ್ಗೆ ಇದನ್ನ ಆರು ಸಲ ಕುದಿಸ್ದೆ. ತೂತೊಳಗೆ ಏನೋ ಉಳಿದಿದೆ ಅನ್ನಿಸ್ತು. ಏನೂ ಉಳಿದಿರ್ಲಿಲ್ಲ, ನಂಗೆ ಅನ್ನಿಸ್ತು ಅಷ್ಟೇ. ಏಳನೇ ಸಲ ಕುದಿಸ್ದೆ. ಬಿಸಿಬಿಸೀಲಿ ತೆಗೆದು ತಣ್ಣನೆ ಕಲ್ಲಿನ ಮೇಲೆ ಇಟ್ಟೆ. ಟಕ್ ಅಂತು."

ಇಪ್ಪತ್ತೊಂದು ವರ್ಷದಲ್ಲಿ ಒಡೆದ ಎರಡನೇ ಗಾಜು ಅದು. ಆಗಲೇ ಸಂಶೋಧಕಿಗೆ ಹೇಳಿದ್ದಾರೆ. "ಇರ್ಲಿ ಬಿಡಿ ಅಕ್ಕಾ, ಹೊಸದು ತರಿಸೋವರೆಗೂ ತಂತೀನ ಹಾಗೇ ಹಾಕೋಣ, ಪ್ಲಾಟಿನಂ ಎಲ್ಲಿ ಕರಗುತ್ತೆ" ಎಂದಿದ್ದಾಳೆ ಅವಳು. ಹೊಸ ಅಂಗಿ ಬರಲೇ ಇಲ್ಲ. ಎರಡು ವಾರ ಕಳೆಯುವುದರೊಳಗೆ ಕೋಬಾಲ್ಟ್ ಪುಡಿಯ ಗೀಟು ಏಳತೊಡಗಿತು. ಎಲ್ಲರೂ ಕುಣಿದಾಡುವಾಗ ಅಂಗಿಯ ನೆನಪು ಯಾರಿಗಾದರೂ ಏಕೆ ಬಂದೀತು.

ಅಕ್ಕನಿಗೆ ಬಂದಿತ್ತು. ಡಬ್ಬಿಯ ಅಡಿಯಿಂದ ಒಂದು ನೋಟ್‌ಬುಕ್ ಹೊರಬರುತ್ತದೆ. ದಿನಕ್ಕೊಂದು ಸಾಲು. ಎಷ್ಟು ಪಾತ್ರೆ, ಎಷ್ಟು ಕುದಿ, ಗೀಟು ಹೇಗಿತ್ತು. ನಡುವೆ ಒಂದು ದಿನ ಹೀಗಿದೆ: 'ಅಂಗಿ ಒಡೆಯಿತು. ನನ್ನ ಕೈಯಲ್ಲಿ.' ಹನ್ನೊಂದು ಸಾಲು ಕೆಳಗೆ: 'ಕೋಬಾಲ್ಟ್ ಸಂಜೆ ಹೊತ್ತಿಗೆ ಎದ್ದಿದೆಯಂತೆ. ಬೆಳಗ್ಗೆ ಎದ್ದಿರಲಿಲ್ಲ. ಯಾಕೆ?'

ನನ್ನ ಹಳೆಯ ಚಾಳಿ ಬಿಡಲಿಲ್ಲ. ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಆ ಸಾಲುಗಳನ್ನು ಆಮೇಲೆ ತುರುಕಿದ್ದಾರೆಯೇ, ಶಾಯಿ ಬೇರೆಯೇ, ಹಾಳೆ ಬದಲಾಗಿದೆಯೇ ಎಂದು ತಿರುವಿ ತಿರುವಿ ನೋಡಿದೆ. ಎಲ್ಲ ಒಂದೇ ಪೆನ್ನು, ಹೊಲಿಗೆಯೂ ಬಿಚ್ಚಿಲ್ಲ. ತಲೆಯೆತ್ತಿದಾಗ ಅಕ್ಕ ನನ್ನನ್ನೇ ನೋಡುತ್ತಿದ್ದರು. ನನಗೆ ನಾಚಿಕೆಯಾಯಿತು.

"ನೋಡಿ, ನೋಡಿ. ನೀವು ನೋಡ್ದೇ ಇದ್ದಿದ್ರೆ ನಿಮ್ಮ ಮೇಲೇ ನಂಗೆ ಅನುಮಾನ ಬರ್ತಿತ್ತು."

ಈಗ ಅವರ ಸಂಕಟ ಸ್ಪಷ್ಟವಾಗುತ್ತದೆ. ಪಾತ್ರೆ ಶುದ್ಧವಾಗಿತ್ತು ಎಂದಷ್ಟೇ ಬರೆದುಕೊಟ್ಟರೆ ಯಾರೂ ನಂಬುವುದಿಲ್ಲ. ನಂಬಬೇಕಾದರೆ ಕೊಳೆ ಬಂದದ್ದು ಎಲ್ಲಿಂದ ಎಂದು ತೋರಿಸಬೇಕು. ತೋರಿಸಬೇಕಾದರೆ ಅಂಗಿ ಒಡೆದದ್ದು ತಾನೇ ಎನ್ನಬೇಕು. ಹಾಗೆಂದರೆ ಆ ಹುಡುಗಿಯ ನಾಲ್ಕು ತಿಂಗಳ ಶ್ರಮವೂ, ಮುಖ್ಯಸ್ಥರ ಘೋಷಣೆಯೂ ನೀರುಪಾಲು. ಅಷ್ಟು ಹಾಳು ಮಾಡಿದ ತಾತ್ಕಾಲಿಕ ಸಹಾಯಕಿಗೆ ಮುಂದಿನ ಸಹಿ ಯಾರು ಹಾಕುತ್ತಾರೆ?

"ಮೊದಲನೇ ಸಾಲು ಮಾತ್ರ ಬರಿ" ಎನ್ನುತ್ತಾರೆ ಗಂಡ. "ಪಾತ್ರೆ ಶುದ್ಧವಾಗಿತ್ತು, ಅಷ್ಟೇ. ಮಿಕ್ಕಿದ್ದು ಅವರು ಕಂಡ್ಕೊಳ್ಲಿ. ಓದಿದೋರು ತಾನೇ?"

"ಅವರು ಕಂಡ್ಕೊಳ್ಳಲ್ಲ ರೀ. ಅಂಗಿ ಇತ್ತು ಅನ್ನೋದೇ ಅವರಿಗೆ ಮರೆತುಹೋಗಿದೆ."

"ಹಾಗಾದ್ರೆ ಒಡೆದಿದ್ದು ಆ ಹುಡುಗಿ ಅನ್ನು. ಹಾಗೇ ಹಾಕಿ ಅಂದೋಳು ಅವಳೇ ಅಲ್ವಾ?"

ಅಕ್ಕ ಗಂಡನ ಕೈಯಿಂದ ಲೋಟ ತೆಗೆದುಕೊಂಡು ತೊಳೆಯಲು ಹೋಗುತ್ತಾರೆ. ಒಳಗಿನಿಂದ ಕಿರ್ ಎಂಬ ಸದ್ದು ಮೂರು ಸಲ ಕೇಳಿಸುತ್ತದೆ. ಗಂಡ ತಲೆ ತಗ್ಗಿಸಿ, "ಸುಳ್ಳು ಹೇಳು ಅಂದ್ಬಿಟ್ನಲ್ಲ ನಾನು" ಎಂದು ತಮ್ಮಷ್ಟಕ್ಕೆ ಅಂದುಕೊಳ್ಳುತ್ತಾರೆ.

ಗುರುವಾರ ಬೆಳಗ್ಗೆ ಏಳಕ್ಕೇ ಮುಖ್ಯಸ್ಥರೂ ಸಂಶೋಧಕಿಯೂ ಪ್ರಯೋಗಾಲಯದಲ್ಲಿದ್ದಾರೆ. ಅಕ್ಕನೇ ಬರಹೇಳಿದ್ದಾರೆ. ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟು, ಪೀಠಿಕೆಯಿಲ್ಲದೆ ಹೇಳುತ್ತಾರೆ.

"ಸಾರ್, ಅಂಗಿ ಒಡೆದಿದ್ದು ನಾನು. ನಾಲ್ಕು ತಿಂಗಳಿಂದ ತಂತಿ ಬರಿಮೈಲಿದೆ."

ಸಂಶೋಧಕಿ ಒಂದು ಹೆಜ್ಜೆ ಮುಂದೆ ಬರುತ್ತಾಳೆ. "ಅಕ್ಕಾ, ತಂತಿಯಿಂದ ಏನಾಗುತ್ತೆ? ಪ್ಲಾಟಿನಂ ಅಷ್ಟು ಸುಲಭಕ್ಕೆ ಕರಗಲ್ಲ."

"ಕರಗಲ್ಲ ಅಂತ ನೀನಂದೆ, ನಾನು ಸುಮ್ನಾದೆ. ಎಷ್ಟು ಕರಗಿದ್ರೆ ಸಾಕು ಹೇಳಮ್ಮ? ನಿನ್ನ ಬಿಲ್ಲೆ ಮೇಲಿರೋ ಪುಡಿ ಎಷ್ಟು? ಉಫ್ ಅಂದ್ರೆ ಹಾರಿಹೋಗೋಷ್ಟು. ಅದ್ರ ಮುಂದೆ ಒಂದು ಚೂರು ಪ್ಲಾಟಿನಮ್ಮೂ ದೊಡ್ಡದೇ. ನಿನ್ನ ಪುಡಿ ಬೆಳಗ್ಗೆ ಮಲಗಿರುತ್ತೆ, ಸಾವಿರ ಸಾವಿರ ಸುತ್ತು ಕರೆಂಟು ಹಾಯಿಸಿದ್ಮೇಲೆ ಸಂಜೆ ಏಳುತ್ತೆ. ಯಾವ ವಸ್ತುವಮ್ಮ ಬಳಸಿದಷ್ಟೂ ಹೊಸದಾಗೋದು? ನನ್ನ ಚಪ್ಪಲಿ ಆಗಿಲ್ಲ, ನನ್ನ ಮೊಣಕಾಲು ಆಗಿಲ್ಲ."

ಮುಖ್ಯಸ್ಥರು ಗಾಜಿನ ಚೂರೊಂದನ್ನು ಎತ್ತಿ ತಿರುಗಿಸಿ ನೋಡುತ್ತಾರೆ. "ಅದನ್ನ ಹೇಗೆ ತಿಳಿಯೋದು ಅಂತೀರಿ?" ಎಂದು ಕೇಳುತ್ತಾರೆ. ಇಪ್ಪತ್ತೊಂದು ವರ್ಷದಲ್ಲಿ ಅವರು ಅಕ್ಕನಿಗೆ ಇಂಥ ಪ್ರಶ್ನೆ ಕೇಳಿದ್ದು ಇದೇ ಮೊದಲಂತೆ.

"ಬರಿ ಬಿಲ್ಲೆ ಹಾಕಿ ಸಾರ್. ಕೋಬಾಲ್ಟ್ ಬೇಡ, ಏನೂ ಬೇಡ. ದಿನಾ ಬೆಳಗ್ಗೆ ನಾನು ನೋಡೋದು ಐದೇ ನಿಮಿಷ. ಇವತ್ತು ಅದನ್ನೇ ಹತ್ತು ಸಾವಿರ ಸುತ್ತು ಓಡಿಸಿ. ನನ್ನ ಪಾತ್ರೆ ಕೊಳೆಯಾಗಿದ್ರೆ ಬೆಳಗ್ಗೇನೇ ಗೀಟು ಏಳ್ಬೇಕು. ತಂತಿ ಕೊಳೆಯಾಗಿದ್ರೆ ಸಂಜೆಗೆ ಏಳುತ್ತೆ. ಎರಡೂ ಅಲ್ದಿದ್ರೆ ಏಳೋದೇ ಇಲ್ಲ, ಆಗ ಈ ಮಗು ಗೆದ್ದ ಹಾಗೆ, ನಾನು ಮನೆಗೆ."

ಬಿಲ್ಲೆಯನ್ನು ಉಜ್ಜುವುದು ಯಾರು ಎಂಬ ಪ್ರಶ್ನೆ ಏಳುತ್ತದೆ. "ನಾನುಜ್ಜಿದ್ರೆ ನೀವು ಅನುಮಾನ ಪಡ್ಬೇಕಾಗುತ್ತೆ. ಅವಳೇ ಉಜ್ಜಲಿ" ಎನ್ನುತ್ತಾರೆ ಅಕ್ಕ. ಸಂಶೋಧಕಿ ಉಜ್ಜುತ್ತಾಳೆ. ತೊಂಬತ್ತಕ್ಕೇ ಕೈ ನಿಲ್ಲಿಸಿದಾಗ ಅಕ್ಕ ಹಿಂದಿನಿಂದ, "ಇನ್ನೂ ಮೂವತ್ತಿದೆ" ಎನ್ನುತ್ತಾರೆ. ಅವಳು ಮರುಮಾತಿಲ್ಲದೆ ಮುಗಿಸುತ್ತಾಳೆ.

ಏಳೂ ನಲವತ್ತಕ್ಕೆ ಮೊದಲ ಗೀಟು ಮೂಡುತ್ತದೆ. ನೆಟ್ಟಗೆ ಮಲಗಿದೆ. ಪಾತ್ರೆ ಚೊಕ್ಕವಾಗಿದೆ ಎಂಬುದು ಅಲ್ಲಿಗೆ ಖಚಿತ. ಅಕ್ಕ ಒಂದು ಉಸಿರು ಬಿಡುತ್ತಾರೆ, ಅರ್ಧ ಮಾತ್ರ.

ಆಮೇಲೆ ದಿನವಿಡೀ ಕಾಯುವುದು. ಕರೆಂಟು ಒಮ್ಮೆ ಏರಿ ಇಳಿದರೆ ಒಂದು ಸುತ್ತು, ಯಂತ್ರ ತನ್ನ ಪಾಡಿಗೆ ಅದನ್ನು ಎಣಿಸುತ್ತದೆ. ಆ ಕೋಣೆ ಬಿಟ್ಟು ಯಾರೂ ಹೋಗುವುದಿಲ್ಲ. ಹೋದರೆ ಇನ್ನೊಬ್ಬರು ಏನಾದರೂ ಮುಟ್ಟಿಯಾರೆಂಬ ಭಯ ಎಲ್ಲರಿಗೂ ಇದೆ. ಊಟಕ್ಕೂ ಒಬ್ಬೊಬ್ಬರಾಗಿ ಎದ್ದು ಹೋಗಿ ಓಡಿ ಬರುತ್ತಾರೆ. ನಾನೊಮ್ಮೆ ಮೇಜಿನ ಹತ್ತಿರ ಹೋದದ್ದೇ ತಡ, ಮೂವರೂ ಒಟ್ಟಿಗೆ ನನ್ನ ಕಡೆ ತಿರುಗುತ್ತಾರೆ. ಅಷ್ಟು ಒಗ್ಗಟ್ಟು ಆ ದಿನ ಇನ್ನಾವುದರಲ್ಲೂ ಕಾಣಲಿಲ್ಲ.

ಮಧ್ಯಾಹ್ನ ಸಂಶೋಧಕಿ ಅಕ್ಕನ ಪಕ್ಕದ ಸ್ಟೂಲಿನಲ್ಲಿ ಬಂದು ಕೂರುತ್ತಾಳೆ. "ಅಕ್ಕಾ, ಹಾಗೇ ಹಾಕಿ ಅಂದಿದ್ದು ನಾನು. ಅದ್ಯಾಕೆ ಸರ್ ಹತ್ರ ಹೇಳ್ಲಿಲ್ಲ ನೀವು?"

"ಒಡೆದಿದ್ದು ನಂದು, ಅದನ್ನ ನಾನು ಹೇಳ್ದೆ. ಅಂದಿದ್ದು ನಿಂದು. ಅದನ್ನ ನಾನ್ಯಾಕೆ ಹೇಳ್ಲಿ?"

ಹುಡುಗಿ ಎದ್ದು ಸೀದಾ ಮುಖ್ಯಸ್ಥರ ಮೇಜಿನ ಬಳಿ ಹೋಗುತ್ತಾಳೆ. ಏನು ಹೇಳಿದಳೋ ನನಗೆ ಕೇಳಿಸುವುದಿಲ್ಲ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಳ್ಳುವುದು ಕಾಣಿಸುತ್ತದೆ.

ನಾಲ್ಕೂಕಾಲಿಗೆ ಹತ್ತು ಸಾವಿರ ಮುಗಿಯುತ್ತದೆ. ಮತ್ತೊಮ್ಮೆ ಗೀಟು. ಈ ಸಲ ಅದು ಮಲಗಿಲ್ಲ. ಬೆಳಗಿನ ಗೀಟಿನಿಂದ ಬೇರ್ಪಟ್ಟು ಏಳುತ್ತ, ಏಳುತ್ತ, ಕೈಪತ್ರಿಕೆಯಲ್ಲಿ ಅಚ್ಚಾಗಿದ್ದ ಕೋಬಾಲ್ಟಿನ ಗೀಟು ಇದೆಯಲ್ಲ, ಹೆಚ್ಚುಕಡಿಮೆ ಅದರ ಮೇಲೆಯೇ ಹೋಗಿ ಕೂರುತ್ತದೆ. ಬಿಲ್ಲೆಯ ಮೇಲೆ ಯಾರೂ ಏನೂ ಹಾಕಿಲ್ಲ. ಬರಿಮೈಯ ತಂತಿ ದಿನವಿಡೀ ಕಣ್ಣಿಗೆ ಕಾಣದಷ್ಟು ಕರಗಿ, ಆಸಿಡ್ಡಿನಲ್ಲಿ ಹಾದು, ಬಿಲ್ಲೆಯ ಮೇಲೆ ಕಣಕಣವಾಗಿ ಕೂತಿದೆ. ನಾಲ್ಕು ತಿಂಗಳು ಎಲ್ಲರೂ ಹೊಗಳಿದ್ದು ಆ ಕಳ್ಳ ಪ್ಲಾಟಿನಮ್ಮನ್ನೇ.

ಮುಖ್ಯಸ್ಥರು ಕುರ್ಚಿಗೆ ಒರಗುತ್ತಾರೆ. "ಇನ್ನೊಂದ್ಸಲ ಮಾಡಿ ನೋಡೋಣ. ನಾಳೆ ತಂತಿ ತೆಗೆದು ಗ್ರಾಫೈಟ್ ಕಡ್ಡಿ ಹಾಕಿ" ಎನ್ನುವ ದನಿಯಲ್ಲಿ ಆಸೆಯೇನೂ ಉಳಿದಿಲ್ಲ. ಶುಕ್ರವಾರ ಗ್ರಾಫೈಟ್ ಕಡ್ಡಿ ಹಾಕಿ ಅಷ್ಟೇ ಸುತ್ತು ಓಡಿಸಿದಾಗ ಬರಿ ಬಿಲ್ಲೆ ಬೆಳಗ್ಗೆಯೂ ಮಲಗಿದೆ, ಸಂಜೆಯೂ ಮಲಗಿದೆ. ಶನಿವಾರ ಕೋಬಾಲ್ಟ್ ಪುಡಿಯನ್ನೇ ಹಾಕಿ ನೋಡುತ್ತಾರೆ. ಅದೂ ಏಳುವುದಿಲ್ಲ, ಸ್ವಲ್ಪ ಮಿಸುಕಾಡುತ್ತದೆ ಅಷ್ಟೇ.

ಸಂಶೋಧಕಿ ಅತ್ತಳು. ಸದ್ದಿಲ್ಲದೆ, ಕಂಪ್ಯೂಟರಿನ ಮುಂದೆ ಕೂತೇ ಅತ್ತಳು. ಅಕ್ಕ ಹತ್ತಿರ ಹೋಗಿ ನಿಂತರು. ಆಸಿಡ್ಡು ತಾಗಿದ ಕೈಗವಸು ಕಳಚಿ, ಕೈ ತೊಳೆದು, ಒರೆಸಿಕೊಂಡು, ಆಮೇಲೆ ಅವಳ ತಲೆಯ ಮೇಲೆ ಕೈಯಿಟ್ಟರು. ಗೆದ್ದವರಂತೆ ಅವರ ಮುಖ ಇರಲಿಲ್ಲ.

ಸೋಮವಾರ ಕಚೇರಿಗೆ ಹೋದ ವಿವರಣೆಯಲ್ಲಿ ಎರಡೇ ಸಾಲು: 'ಪಾತ್ರೆ ಶುದ್ಧವಾಗಿತ್ತು. ಅಂಗಿ ಒಡೆದದ್ದು ನಾನು.' ಅಂಗಿ ಎಂದರೇನೆಂದು ಕಚೇರಿಯವರಿಗೆ ತಿಳಿಯದೆ, ಅದನ್ನು ವಿವರಿಸಲು ಮುಖ್ಯಸ್ಥರೇ ಎರಡು ಮಹಡಿ ಇಳಿದು ಹೋಗಬೇಕಾಯಿತಂತೆ. ಕೈಪತ್ರಿಕೆಯ ಉಳಿದ ಕಟ್ಟುಗಳು ಈಗ ಪ್ರಚಾರ ವಿಭಾಗದ ಕಪಾಟಿನ ಮೇಲೆ ಮುಖ ಕೆಳಗಾಗಿ ಬಿದ್ದಿವೆ.

ಇದೆಲ್ಲ ಆಗಿ ಮೂರು ತಿಂಗಳ ಮೇಲೆ, ಬರೆಯುವ ಮುಂಚೆ ಕೊನೆಯದಾಗಿ ಅವರ ಮನೆಗೆ ಹೋಗುತ್ತೇನೆ. ಈ ವರ್ಷದ ಸಹಿ ಆಯಿತೇ ಎಂದು ಕೇಳುತ್ತೇನೆ.

"ಆಯ್ತು ಅಂತ ಸರ್ ಹೇಳಿದ್ರು. ಕಾಗದ ನನ್ನ ಕೈಗೆ ಬಂದಿಲ್ಲ. ಬಂದ್ಮೇಲೆ ಆಯ್ತು ಅನ್ನೋಣ."

"ಸರ್ ಮೇಲೂ ಅನುಮಾನವೇ?"

"ಅವರ ಮೇಲೆ ಇಲ್ಲ. ಕಾಗದದ ಮೇಲೆ."

ಏನಾದರೂ ಆಸೆ ಇದೆಯೇ ಎಂಬ, ನನ್ನಂಥವರು ಕೊನೆಯಲ್ಲಿ ಕೇಳುವ ಪ್ರಶ್ನೆಯನ್ನು ನಾನೂ ಕೇಳುತ್ತೇನೆ. ಖಾಯಂ ನೌಕರಿ, ಪ್ರಶಸ್ತಿ, ಗಂಡನ ಕೈಗೆ ಚಿಕಿತ್ಸೆ, ಏನಾದರೂ ಹೇಳುತ್ತಾರೆಂದು ಪೆನ್ನು ಹಿಡಿದು ಕೂರುತ್ತೇನೆ. ಅವರು ಗಂಭೀರವಾಗಿ ಯೋಚಿಸುತ್ತಾರೆ.

"ಹೊಸ ಅಂಗಿ ಬಂದಿದೆ. ಒಂದೇ ಬಂದಿದೆ. ಇನ್ನೊಂದು ತರಿಸಿಟ್ರೆ ಒಳ್ಳೇದಿತ್ತು. ಕೈ ಅಂದ್ಮೇಲೆ ಜಾರುತ್ತೆ."

ಅಷ್ಟರಲ್ಲಿ ಕೆಳಗೆ ಅಂಗಡಿಯಲ್ಲಿದ್ದ ಗಂಡ ಮೇಲೆ ಬಂದು, ಹೆಂಡತಿ ತೋರಿಸಲು ಹಿಂಜರಿಯುತ್ತಿದ್ದದ್ದನ್ನು ತಾವೇ ಗೋಡೆಯಿಂದ ಇಳಿಸಿ ತರುತ್ತಾರೆ. ಕನ್ನಡಕದ ಗಾಜಿನಷ್ಟೇ ನಿರ್ಮಲವಾದ ಗಾಜಿನ ಚೌಕಟ್ಟು. ನಡುಗುವ ಕೈಯಲ್ಲೇ ಕೂರಿಸಿದ್ದಂತೆ, ಮೂರು ದಿನ ಹಿಡಿಯಿತಂತೆ. ಒಳಗೆ ಸಂಶೋಧಕಿ ಕೊಟ್ಟ ಹಾಳೆಯಿದೆ. ಅಂಗಿಯಿಲ್ಲದ ತಂತಿ ಎಂಥ ಮೋಸ ಮಾಡಬಲ್ಲದು ಎಂದು ಬೇರೆ ಪ್ರಯೋಗಾಲಯಗಳನ್ನು ಎಚ್ಚರಿಸಲು ಅವಳೀಗ ಲೇಖನ ಬರೆದಿದ್ದಾಳೆ. ಅದರ ಮೊದಲ ಚಿತ್ರ ಇದು. ಒಂದೇ ಬಿಲ್ಲೆಯ ಎರಡು ಗೀಟು. ಕೆಳಗಿನದು ಬೆಳಗ್ಗೆ ಏಳೂ ನಲವತ್ತರದು, ಮೇಲಿನದು ಸಂಜೆ ನಾಲ್ಕೂಕಾಲಿನದು.

ಅಕ್ಕ ಸೆರಗಿನಿಂದ ಗಾಜು ಒರೆಸಿ, ಬೆಳಕಿಗೆ ಓರೆಯಾಗಿ ಹಿಡಿದು, ಮತ್ತೊಮ್ಮೆ ಒರೆಸುತ್ತಾರೆ. ಆಮೇಲೆ ಕೆಳಗೆ ನೆಟ್ಟಗೆ ಮಲಗಿದ ಗೀಟಿನ ಮೇಲೆ ಬೆರಳಿಡುತ್ತಾರೆ.

"ಇದು ನಂದು."

ಮೇಲಿನದು ತಂತಿಯದು ತಾನೇ ಎನ್ನುತ್ತೇನೆ. ಅವರು ಬೆರಳನ್ನು ಆ ಗೀಟಿನ ಮೇಲಕ್ಕೆ ಸರಿಸುತ್ತಾರೆ.

"ಅದ್ರಲ್ಲೂ ಸ್ವಲ್ಪ ನಂದೇ. ಏಳನೇ ಸಲ ಕುದಿಸಿದ್ದು ನಾನಲ್ವಾ."